ಅಂಕೋರ್‌ನಲ್ಲಿ ಮಕ್ಕಳು ‘ಒನ್ ಡಾಲರ್’ ಅಂದರೆ ಕೊಡಬೇಕಾ?

ಪ್ರಶ್ನೆ: ಡಿಸೆಂಬರ್‌ನಲ್ಲಿ ಮನೆಯವರೆಲ್ಲ ಕಾಂಬೋಡಿಯಾಗೆ ಹೊರಟಿದ್ದೇವೆ. ಅಂಕೋರ್ ವಾಟ್ ಸುತ್ತಮುತ್ತ ಚಿಕ್ಕ ಮಕ್ಕಳು ದುಡ್ಡು ಕೇಳುತ್ತಾ ಹಿಂದೆ ಬೀಳುತ್ತಾರಂತೆ. ಕೊಡಬೇಕಾ, ಬೇಡ್ವಾ? ಕೊಡದೆ ಬಂದರೆ ಮನಸ್ಸಿಗೆ ಕಸಿವಿಸಿ.

ಮಕ್ಕಳ ಕೈಗೆ ಬೇಡ. ದೊಡ್ಡವರಿಗೆ, ನೋಡಿಕೊಂಡು ಕೊಡಿ.

ಟುಕ್‌ಟುಕ್ ಇಳಿಯುತ್ತಿದ್ದಂತೆ ಏಳೆಂಟು ವರ್ಷದ ಹುಡುಗಿ ಪೋಸ್ಟ್‌ಕಾರ್ಡ್ ಕಟ್ಟು ಹಿಡಿದು ಬರುತ್ತಾಳೆ. ಹತ್ತು ಕಾರ್ಡಿಗೆ ಒಂದು ಡಾಲರ್. ಸುಳ್ಳಲ್ಲ ಅಂತ ತೋರಿಸಲು ಒಂದೊಂದೇ ಎಣಿಸುತ್ತಾಳೆ, ಮೊದಲು ಇಂಗ್ಲಿಷ್‌ನಲ್ಲಿ, ಆಮೇಲೆ ಫ್ರೆಂಚ್‌ನಲ್ಲಿ. ಎಂಥವರ ಕೈಯೂ ಜೇಬಿಗೆ ಹೋಗುತ್ತೆ. ‘ಶಾಲೆ ಇಲ್ವಾ?’ ಅಂದರೆ ‘ಮಧ್ಯಾಹ್ನ ಇದೆ’ ಅನ್ನುತ್ತಾಳೆ. ಇದು ನಿಜವೂ ಇರಬಹುದು. ಅಲ್ಲಿ ಎಷ್ಟೋ ಶಾಲೆಗಳು ಬೆಳಿಗ್ಗೆ, ಮಧ್ಯಾಹ್ನ ಅಂತ ಎರಡು ಪಾಳಿಯಲ್ಲಿ ನಡೆಯುತ್ತವೆ. ಆದರೆ ಬೆಳಿಗ್ಗೆ ಚೆನ್ನಾಗಿ ದುಡಿದು ತಂದ ಮಗುವನ್ನು ಮಧ್ಯಾಹ್ನ ಶಾಲೆಗೆ ಕಳಿಸೋಕೆ ಬಡವರ ಮನೆಯಲ್ಲಿ ಮನಸ್ಸು ಬರೋದು ಕಷ್ಟ. ಅಂಕೋರ್ ನೋಡಿಕೊಳ್ಳುವ ಅಪ್ಸರಾ ಪ್ರಾಧಿಕಾರ 2015ರಲ್ಲಿ ಪ್ರವಾಸಿಗರಿಗೆ ಹೊರಡಿಸಿದ ನಡವಳಿಕೆ ನಿಯಮಗಳಲ್ಲೂ ಇದೇ ಮಾತಿದೆ: ಮಕ್ಕಳಿಂದ ಏನೂ ಕೊಳ್ಳಬೇಡಿ, ದುಡ್ಡು, ಮಿಠಾಯಿ ಕೊಡಬೇಡಿ.

ಇದಕ್ಕಿಂತ ಕಷ್ಟದ್ದು ಅಂಕೋರ್ ಪಕ್ಕದ ಸಿಯೆಮ್ ರೀಪ್ ಊರೊಳಗೆ, ಪಬ್ ಸ್ಟ್ರೀಟ್ ಕಡೆ ಸಂಜೆ ಎದುರಾಗುತ್ತೆ. ಕಂಕುಳಲ್ಲಿ ಕೂಸು, ಕೈಯಲ್ಲಿ ಖಾಲಿ ಬಾಟಲಿ ಹಿಡಿದು ಒಬ್ಬಳು ಬರುತ್ತಾಳೆ. ‘ದುಡ್ಡು ಬೇಡ, ಹಾಲು ಕೊಡಿಸಿ ಸಾಕು.’ ದುಡ್ಡೇ ಬೇಡ ಅಂದವಳನ್ನು ಹೇಗೆ ಅನುಮಾನಿಸೋದು? ನಾನೂ ಹಿಂದೆ ಹೋದೆ. ಅಂಗಡಿ ಅವಳೇ ತೋರಿಸಿದಳು. ಹಾಲಿನ ಪುಡಿ ಡಬ್ಬಿಯೂ ಅವಳೇ ಆರಿಸಿದಳು, ದೊಡ್ಡದು, ಸುಮಾರು 20 ಡಾಲರ್. ಚಿಕ್ಕದು ಸಾಕಲ್ವಾ ಅಂದರೆ ತಲೆ ಅಲ್ಲಾಡಿಸಿದಳು. ಡಬ್ಬಿಯ ಮುಚ್ಚಳ ತೆಗೆದುಕೊಡಿ ಅಂದೆ ನೋಡಿ, ಆಗ ಅವಳ ಮುಖವೂ ಅಂಗಡಿಯವನ ಮುಖವೂ ಒಟ್ಟಿಗೇ ಬದಲಾಯಿತು. ಸೀಲ್ ಒಡೆದರೆ ಡಬ್ಬಿ ವಾಪಸ್ ಆಗಲ್ಲ. ನಾವು ಅತ್ತ ಹೋದಮೇಲೆ ಡಬ್ಬಿ ಮತ್ತೆ ಅದೇ ಕಪಾಟಿಗೆ ಬರುತ್ತೆ, ದುಡ್ಡು ಇಬ್ಬರಿಗೂ ಹಂಚಿಕೆಯಾಗುತ್ತೆ. ಅಲ್ಲಿ ಇದು ಹಳೇ ಆಟ. ಹಾಗಂತ ಅವಳು ಬಡವಳಲ್ಲ ಅಂತಲ್ಲ. ಆದರೆ ರಾತ್ರಿ ಹತ್ತಾದರೂ ಆ ಕೂಸು ಬೀದಿಯಲ್ಲೇ ಇರಬೇಕಾಗುತ್ತೆ, ಯಾಕಂದ್ರೆ ಸಂಪಾದನೆ ಆಗೋದೇ ಅದರ ಮುಖ ನೋಡಿ.

‘ತೇ, ಒಕುನ್’ ಅನ್ನಿ. ಖ್ಮೇರ್‌ನಲ್ಲಿ ‘ಬೇಡ, ಧನ್ಯವಾದ’ ಅಂತ. ನಗುತ್ತಾ ಹೇಳಿ, ನಡೀತಾ ಇರಿ.

ಇನ್ನು ನಾನು ಖುಷಿಯಿಂದ ಕೊಡೋ ಜಾಗ. ತಾ ಪ್ರೋಮ್, ಬಂತೇ ಸ್ರೇಯಂಥ ಗುಡಿಗಳ ದಾರಿಬದಿ, ಮರದ ನೆರಳಲ್ಲಿ ಚಾಪೆ ಹಾಕಿ ಏಳೆಂಟು ಜನ ವಾದ್ಯ ನುಡಿಸುತ್ತಿರುತ್ತಾರೆ. ಎರಡು ತಂತಿಯ ತ್ರೋ, ನಮ್ಮ ಸಂತೂರಿನ ಥರದ ಖಿಮ್. ಪಕ್ಕದಲ್ಲಿ ಬಿಚ್ಚಿಟ್ಟ ಕೃತಕ ಕಾಲು. ನೆಲಬಾಂಬಿಗೆ ಕೈಕಾಲು ಕಳೆದುಕೊಂಡವರು ಅಂತ ಬೋರ್ಡೇ ಇರುತ್ತೆ. ದಶಕಗಳ ಯುದ್ಧದಲ್ಲಿ ಹೂತ ಬಾಂಬುಗಳು ಯುದ್ಧ ಮುಗಿದು ಎಷ್ಟೋ ವರ್ಷವಾದ ಮೇಲೂ ಗದ್ದೆಯಲ್ಲಿ ಸಿಡಿದಿವೆ. ಇವರು ಯಾರ ಹಿಂದೆಯೂ ಬರೋದಿಲ್ಲ. ಕೊರಿಯಾದವರ ಗುಂಪು ಕಂಡರೆ ಕೊರಿಯಾದ ಹಾಡು ಹಿಡೀತಾರೆ, ಅಷ್ಟೇ. ಸ್ವಲ್ಪ ಹೊತ್ತು ಕೂತು ಕೇಳಿ, ಡಬ್ಬಿಗೆ ಹಾಕಿ.

ಗುಡಿಯೊಳಗೆ ಅಜ್ಜಿಯೊಬ್ಬರು ಊದುಬತ್ತಿ ಕೈಗಿಟ್ಟು ಮಣಿಕಟ್ಟಿಗೆ ದಾರ ಕಟ್ಟಬಹುದು. ನಮ್ಮ ಮಂಗಳಾರತಿ ತಟ್ಟೆಯ ಲೆಕ್ಕವೇ. ಬೇಡ ಅಂದ್ರೆ ಊದುಬತ್ತಿ ಹಿಡಿಯಲೇಬೇಡಿ.

ಅಂದಹಾಗೆ, ಅಂಕೋರ್‌ನ ಒಂದು ದಿನದ ಟಿಕೆಟ್ 37 ಡಾಲರ್. ಅದರಲ್ಲಿ 2 ಡಾಲರ್ ಮಕ್ಕಳಿಗೆ ಉಚಿತ ಚಿಕಿತ್ಸೆ ಕೊಡುವ ಕಂಥಾ ಬೋಫಾ ಆಸ್ಪತ್ರೆಗಳಿಗೆ ಹೋಗುತ್ತೆ. ಅಂದರೆ ಗೇಟಿನಲ್ಲೇ ಅಲ್ಲಿನ ಮಕ್ಕಳಿಗೆ ಒಂದಿಷ್ಟು ಕೊಟ್ಟೇ ಒಳಗೆ ಬಂದಿರುತ್ತೀರಿ. ಇನ್ನೂ ಕೊಡಬೇಕು ಅನಿಸಿದರೆ ಅದೇ ಸಂಸ್ಥೆಯ ಜಯವರ್ಮನ್ 7 ಆಸ್ಪತ್ರೆ ಸಿಯೆಮ್ ರೀಪ್‌ನಿಂದ ಗುಡಿಗಳಿಗೆ ಹೋಗೋ ದಾರಿಯಲ್ಲೇ ಸಿಗುತ್ತೆ.

ಚಿಲ್ಲರೆ ಮಾತ್ರ ಮೊದಲೇ ಮಾಡಿಟ್ಟುಕೊಳ್ಳಿ. ಒಂದು ಡಾಲರ್‌ಗೆ ಅಲ್ಲಿನ ಹಣದಲ್ಲಿ ಸುಮಾರು 4,000 ರಿಯೆಲ್. ಅಂಚು ಹರಿದ ಡಾಲರ್ ನೋಟನ್ನು ಅಲ್ಲಿ ಅಂಗಡಿಯವರು ಮುಟ್ಟೋದಿಲ್ಲ, ಇಲ್ಲಿಂದ ಒಯ್ಯುವಾಗಲೇ ನೋಡಿ ತಗೊಳ್ಳಿ.