ಟೋನ್: ಕಪ್ಪು-ಬಿಳುಪು ಫೋಟೊದಲ್ಲಿ ಬಣ್ಣ ಏನಾಗುತ್ತದೆ?

ಫೋಟೊ ತೆಗೆಯುವವರು ‘ಟೋನ್’ ಅಂದಾಗ, ಚಿತ್ರದ ಒಂದು ಜಾಗ ಎಷ್ಟು ತಿಳಿಯಾಗಿದೆ, ಎಷ್ಟು ಗಾಢವಾಗಿದೆ ಅನ್ನುವುದನ್ನು ಹೇಳುತ್ತಿರುತ್ತಾರೆ. ಅದು ಕೆಂಪೋ ನೀಲಿಯೋ ಅನ್ನುವುದು ಬೇರೆ ಮಾತು. ಕಲರ್ ಫೋಟೊದಲ್ಲಿ ಕಣ್ಣು ಮೊದಲು ಬಣ್ಣದ ಕಡೆಗೇ ಹೋಗುತ್ತದೆ. ಮೊನೊಕ್ರೋಮ್‌ನಲ್ಲಿ, ಅಂದರೆ ಕಪ್ಪು-ಬಿಳುಪಿನಲ್ಲಿ, ಉಳಿಯುವುದು ಟೋನ್ ಒಂದೇ.

ಕೆನಡಾದ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದ ಲೇಕ್ ಲೂಯೀಸ್ ನೋಡಿ. ಹಿಂದೆ ಹಿಮ ಹೊತ್ತ ಮೌಂಟ್ ವಿಕ್ಟೋರಿಯಾ, ಮುಂದೆ ಹಸಿರು-ನೀಲಿ ನೀರು, ಅದರ ಮೇಲೆ ಬಾಡಿಗೆಗೆ ಸಿಗುವ ಕೆಂಪು ದೋಣಿಗಳು. ಹಿಮನದಿ ಬಂಡೆಯನ್ನು ಉಜ್ಜಿ ಉಜ್ಜಿ ಹಿಟ್ಟಿನಷ್ಟು ನುಣ್ಣಗೆ ಮಾಡುತ್ತದೆ. ಆ ಪುಡಿ ನೀರಲ್ಲಿ ತೇಲುತ್ತಾ ಬೆಳಕನ್ನು ಚದುರಿಸುವುದರಿಂದ ಸರೋವರಕ್ಕೆ ಆ ಬಣ್ಣ. ಕಲರ್‌ನಲ್ಲಿ ಕೆಂಪು ದೋಣಿ ಎದ್ದು ಕಾಣುತ್ತದೆ, ಅಲ್ವಾ? ಮೊನೊಕ್ರೋಮ್‌ನಲ್ಲಿ ಆ ಭರವಸೆ ಇಲ್ಲ.

ಕಂಪ್ಯೂಟರ್ ಪರದೆಗಳಲ್ಲಿ ಬಳಕೆಯಲ್ಲಿರುವ ಒಂದು ಲೆಕ್ಕದಲ್ಲಿ ಹೊಳಪಿಗೆ ಹಸಿರಿನ ಪಾಲು ಸುಮಾರು 72%, ಕೆಂಪಿನದು 21%, ನೀಲಿಯದು 7%. ನಮ್ಮ ಕಣ್ಣು ಹಸಿರಿಗೆ ಜಾಸ್ತಿ ಸ್ಪಂದಿಸುವುದೇ ಇದಕ್ಕೆ ಕಾರಣ. ಈ ಲೆಕ್ಕ ಹಿಡಿದರೆ ನೀರು ತಿಳಿ ಬೂದು, ದೋಣಿ ಗಾಢ ಬೂದು. ಈಗ ಲೆನ್ಸ್ ಮುಂದೆ ಕೆಂಪು ಫಿಲ್ಟರ್ ಹಾಕಿ. ಫಿಲ್ಟರ್ ತನ್ನ ಬಣ್ಣದ ಬೆಳಕನ್ನು ಒಳಗೆ ಬಿಟ್ಟು, ಎದುರು ಬಣ್ಣದ್ದನ್ನು (ಕೆಂಪಿಗಾದರೆ ಹಸಿರು-ನೀಲಿ) ತಡೆಯುತ್ತದೆ. ದೋಣಿ ಬೆಳ್ಳಗಾಗುತ್ತದೆ, ನೀರು ಕಪ್ಪಿಗೆ ಇಳಿಯುತ್ತದೆ. ಈ ಎರಡು ತುದಿಗಳ ನಡುವೆ ಎಲ್ಲೋ ಒಂದು ಕಡೆ ಎರಡೂ ಒಂದೇ ಬೂದು ಆಗಿ, ದೋಣಿ ನೀರಲ್ಲೇ ಕಳೆದುಹೋಗುತ್ತದೆ! ಅಂದರೆ ಮೊನೊಕ್ರೋಮ್ ಸುಮ್ನೆ ಬಣ್ಣ ತೆಗೆದುಹಾಕಿದ ಚಿತ್ರವಲ್ಲ. ಯಾವ ಬಣ್ಣಕ್ಕೆ ಯಾವ ಬೂದು ಅಂತ ಯಾರೋ ಒಬ್ಬರು ತೀರ್ಮಾನಿಸಿರುತ್ತಾರೆ. ನಾವು ಮಾಡದಿದ್ದರೆ ಕ್ಯಾಮೆರಾ ಮಾಡುತ್ತದೆ.

ಹತ್ತೊಂಬತ್ತನೇ ಶತಮಾನದ ಫೋಟೊಗ್ರಾಫರ್‌ಗಳಿಗೆ ಈ ಆಯ್ಕೆಯೇ ಇರಲಿಲ್ಲ. ಅವರು ಫಿಲ್ಮ್‌ನಂತೆ ಬಳಸುತ್ತಿದ್ದ ಪ್ಲೇಟುಗಳು ನೀಲಿಗೆ ತುಂಬಾ ಸ್ಪಂದಿಸುತ್ತಿದ್ದವು, ಕೆಂಪಿಗೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಬೆಟ್ಟ ಸರಿಯಾಗಿ ಬಂದರೆ ಆಕಾಶ ಖಾಲಿ ಬಿಳಿ. ಎಲ್ಲ ಬಣ್ಣಗಳನ್ನೂ ಹಿಡಿಯುವ ಪ್ಯಾನ್‌ಕ್ರೋಮ್ಯಾಟಿಕ್ ಪ್ಲೇಟುಗಳು ಬಂದ ಮೇಲೆ ಫಿಲ್ಟರ್‌ಗಳಿಗೆ ನಿಜವಾದ ಬೆಲೆ ಬಂತು.

1927ರ ಏಪ್ರಿಲ್ 10ರಂದು ಕ್ಯಾಲಿಫೋರ್ನಿಯಾದ ಯೊಸೆಮಿಟಿಯಲ್ಲಿ ಅಮೆರಿಕದ ಫೋಟೊಗ್ರಾಫರ್ ಆನ್ಸೆಲ್ ಆಡಮ್ಸ್ ಹಾಫ್ ಡೋಮ್ ಬಂಡೆಯ ಎದುರು ನಿಂತಿದ್ದರು. ಆಗ ಅವರಿಗೆ 25 ವರ್ಷ. ಕೈಯಲ್ಲಿ ಉಳಿದಿದ್ದು ಎರಡೇ ಗಾಜಿನ ಪ್ಲೇಟು. ಒಂದನ್ನು ಹಳದಿ ಫಿಲ್ಟರ್‌ನಲ್ಲಿ ತೆಗೆದರು. ಅದರಲ್ಲಿ ತಮಗೆ ಅನಿಸಿದ್ದು ಬರುವುದಿಲ್ಲ ಅಂತ ಹೊಳೆದು, ಕೊನೆಯದಕ್ಕೆ ಗಾಢ ಕೆಂಪು ಫಿಲ್ಟರ್ ಹಾಕಿದರು. ನೀಲಿ ಆಕಾಶ ಹೆಚ್ಚುಕಡಿಮೆ ಕಪ್ಪಾಯಿತು, ಹಿಮ ಬೆಳ್ಳಗೆ ಉಳಿಯಿತು. ನೆರಳುಗಳೂ ಗಾಢವಾದವು, ಯಾಕೆಂದರೆ ನೆರಳಿಗೆ ಬೀಳುವುದು ಹೆಚ್ಚಾಗಿ ಆಕಾಶದ ನೀಲಿ ಬೆಳಕೇ. ಬಟನ್ ಒತ್ತುವ ಮೊದಲೇ ಟೋನ್‌ಗಳನ್ನು ಮನಸ್ಸಿನಲ್ಲಿ ಕಂಡುಕೊಳ್ಳುವುದು ಅಂದರೆ ಇದೇ. ಬೆಟ್ಟದ ಚಿತ್ರ ತೆಗೆಯುವವರು ಕಲಿಯಬೇಕಾದ ಇದಕ್ಕಿಂತ ದೊಡ್ಡ ವಿದ್ಯೆ ನನಗೆ ಗೊತ್ತಿಲ್ಲ.

ಹಾಗಂತ ಎಲ್ಲವನ್ನೂ ಕಪ್ಪು-ಬಿಳುಪು ಮಾಡಬೇಕಿಲ್ಲ. ಸೂರ್ಯ ನೆತ್ತಿಯ ಮೇಲಿದ್ದಾಗ ಲೇಕ್ ಲೂಯೀಸ್‌ನ ನೀರನ್ನು ಕಲರ್‌ನಲ್ಲೇ ತೆಗೆಯಬೇಕು. ಆ ಬಣ್ಣವೇ ಅಲ್ಲಿನ ವಿಷಯ. ಪೋಲರೈಸರ್ ಅನ್ನುವ ಫಿಲ್ಟರ್ ಹಾಕಿ ನೀರಿನ ಮೇಲಿನ ಹೊಳಪನ್ನು ಕಡಿಮೆ ಮಾಡಿದರೆ ಬಣ್ಣ ಇನ್ನೂ ತುಂಬಿ ಬರುತ್ತದೆ. ಮೋಡ ಇಳಿದು ಬೆಟ್ಟ ಅರ್ಧ ಮುಚ್ಚಿದಾಗ ಬಣ್ಣ ತಾನಾಗಿಯೇ ಸಪ್ಪೆಯಾಗುತ್ತದೆ. ಆಗ ಮೊನೊಕ್ರೋಮ್ ನೆನೆಯಿರಿ.

ಡಿಜಿಟಲ್ ಕ್ಯಾಮೆರಾದಲ್ಲಿ ರಾ (RAW) ಫೈಲ್, ಅಂದರೆ ಕ್ಯಾಮೆರಾ ಸಂಸ್ಕರಿಸದೆ ಬಿಟ್ಟ ಮೂಲ ಫೈಲ್, ಉಳಿಸಿಕೊಳ್ಳಿ. ಅದರಲ್ಲಿ ಬಣ್ಣದ ಮಾಹಿತಿ ಪೂರ್ತಿ ಇರುವುದರಿಂದ ಯಾವ ಬಣ್ಣವನ್ನು ತಿಳಿ ಮಾಡಬೇಕು, ಯಾವುದನ್ನು ಗಾಢ ಮಾಡಬೇಕು ಅಂತ ಎಡಿಟ್ ಮಾಡುವಾಗ ನಿಧಾನವಾಗಿ ನೋಡಬಹುದು. ನೀಲಿಯನ್ನು ಗಾಢ ಮಾಡುವ ಸ್ಲೈಡರ್ ಅನ್ನು ಮಾತ್ರ ತೀರಾ ಕೆಳಗೆ ಎಳೆಯಬೇಡಿ. ಆಕಾಶದಲ್ಲಿ ಕಲೆ ಕಲೆಯಾಗಿ ನಾಯ್ಸ್ (ಮರಳು ಮರಳಾದ ಚುಕ್ಕೆಗಳು) ಎದ್ದು, ಶಿಖರದ ಅಂಚಿನಲ್ಲಿ ಬಿಳಿ ಗೆರೆ ಮೂಡುತ್ತದೆ.