ಗುಣ ಬೇಡ, ದಿನ ಹೇಳಿ

ನನ್ನ ಎದುರು ಬಂದು ಕೂರುವವರ ಮೊದಲ ಮಾತು ಹೆಚ್ಚುಕಮ್ಮಿ ಒಂದೇ. "ಅವನ ಗುಣ ನಿಮಗೆ ಗೊತ್ತಿಲ್ಲ ವಕೀಲ್ರೇ." ಜಾಗ ಎಲ್ಲಿ, ಸರ್ವೆ ನಂಬರ್ ಎಷ್ಟು, ತಕರಾರು ಎಂತದ್ದು, ಅದೆಲ್ಲ ಆಮೇಲೆ. ಮೊದಲು ಎದುರಿನವನ ಗುಣ. ಸೊಕ್ಕು, ಹೊಟ್ಟೆಕಿಚ್ಚು, ಒಳಗೊಂದು ಹೊರಗೊಂದು. ಹತ್ತು ನಿಮಿಷ ಕೇಳಿದರೆ ಎದುರಿನವರ ಮೂರು ತಲೆಮಾರಿನ ಜಾತಕ ಸಿಗುತ್ತದೆ. ಆದರೆ ನಡೆದದ್ದೇನು ಅಂತ ಮಾತ್ರ ಇನ್ನೂ ಗೊತ್ತಾಗಿರುವುದಿಲ್ಲ.

ನಾನು ಶಿರಸಿಯಲ್ಲಿ ವಕೀಲಿ ಮಾಡುವವನು. 40 ಗಂಟೆಯ ತರಬೇತಿ ಮುಗಿಸಿ ಮಧ್ಯಸ್ಥಿಕೆಗಾರನಾಗಿಯೂ ಕೂರುತ್ತೇನೆ. ರಾಜಿ ಆಗಬಹುದು ಅನ್ನಿಸಿದರೆ ಸಿವಿಲ್ ದಾವೆಯನ್ನು ಕೋರ್ಟು ಮಧ್ಯಸ್ಥಿಕೆಗೆ ಕಳಿಸಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಂ ಹೇಳುವುದು ಅದನ್ನೇ. ಈಗಿನ ರೂಪದಲ್ಲಿ ಅದು ಜಾರಿಗೆ ಬಂದದ್ದು 2002ರಲ್ಲಿ. ಅಲ್ಲಿ ನಾನು ತೀರ್ಪು ಕೊಡುವುದಿಲ್ಲ. ಅಲ್ಲಿ ಆಡಿದ ಮಾತನ್ನು ಯಾರೂ ಕೋರ್ಟಿನಲ್ಲಿ ಎತ್ತುವ ಹಾಗೂ ಇಲ್ಲ. ಹಾಗಾಗಿ ಕೆಳಗೆ ಹೇಳುವ ಕಥೆಯಲ್ಲಿ ಹೆಸರಿಲ್ಲ, ಊರಿಲ್ಲ. ಎರಡು ಮೂರು ಪ್ರಕರಣ ಕಲಸಿ ಒಂದು ಮಾಡಿದ್ದೇನೆ. "ಓ, ಇದು ನಮ್ಮೂರಿನವರದ್ದೇ" ಅಂತ ಯಾರಿಗಾದರೂ ಅನ್ನಿಸಿದರೆ, ಅಲ್ಲ.

ಇಬ್ಬರು ದಾಯಾದಿಗಳು. ಒಬ್ಬರು ಮೇಲಿನಮನೆ ಅಣ್ಣ, ಇನ್ನೊಬ್ಬರು ಕೆಳಗಿನಮನೆ ತಮ್ಮ ಅಂತಿಟ್ಟುಕೊಳ್ಳಿ. ತಮ್ಮನ ಅಡಿಕೆ ತೋಟಕ್ಕೆ ಗಾಡಿ ಹೋಗಬೇಕಾದರೆ ಅಣ್ಣನ ಮನೆಯ ಅಂಗಳದ ಪಕ್ಕದಿಂದಲೇ ಹೋಗಬೇಕು. ಅಜ್ಜನ ಕಾಲದಿಂದ ಅಲ್ಲೊಂದು ದಣಪೆ ಇತ್ತು. ಬೇಕಾದವರು ಗಳ ಸರಿಸಿ ಹೋಗುವುದು, ಮತ್ತೆ ಹಾಕುವುದು. ಅಣ್ಣ ಒಂದು ದಿನ ಅದನ್ನು ತೆಗೆಸಿ ಕಬ್ಬಿಣದ ಗೇಟು ಹಾಕಿ ಬೀಗ ಜಡಿದರು. ಕೆಳಗಿನಮನೆ ತಮ್ಮ ದಾರಿಯ ಹಕ್ಕಿಗಾಗಿ ದಾವೆ ಹಾಕಿದರು. ಅದು ಮಧ್ಯಸ್ಥಿಕೆಗೆ ನನ್ನ ಎದುರು ಬಂತು.

ಮೊದಲ ದಿನ ಪೂರ್ತಿ ಬರೀ ಗುಣಗಾನ. "ಅವಂಗೆ ಸೊಕ್ಕು. ಮಗ ಬೆಂಗಳೂರಲ್ಲಿ ದುಡಿಯೋಕೆ ಶುರು ಮಾಡಿದ ಮೇಲೆ ನೆಲ ಕಾಣ್ತಿಲ್ಲ" ಅಂತ ತಮ್ಮ. "ಸಣ್ಣಿಂದಲೂ ಅವನು ಹಂಗೇ. ಕೇಳಿ ಮಾಡೋದು ಅಂತಿಲ್ಲ, ಎಲ್ಲ ತನ್ನದೇ ಅಂತ" ಅಂತ ಅಣ್ಣ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಬ್ಬರೂ ನನಗೇ ಹೇಳುತ್ತಿದ್ದರು, ಪಕ್ಕದಲ್ಲಿ ಆ ಮನುಷ್ಯ ಇಲ್ಲವೇ ಇಲ್ಲವೇನೋ ಎಂಬಂತೆ.

ಎರಡನೇ ಸಲ ಬೇರೆ ಬೇರೆ ಕೂರಿಸಿ ಕೇಳಿದೆ. ಇಂಥ ಹೊತ್ತಿಗೆ ನನ್ನ ಹತ್ತಿರ ಇರುವುದು ಒಂದೇ ಪ್ರಶ್ನೆ. ಸೊಕ್ಕು ಅಂತೀರಲ್ಲ, ಯಾವ ದಿನ? ಆ ದಿನ ಯಾರಾದರೂ ಮೊಬೈಲಲ್ಲಿ ಫೋಟೋ ಹೊಡೆದಿದ್ದರೆ ಅದರಲ್ಲಿ ಏನು ಕಾಣುತ್ತಿತ್ತು? ಸೊಕ್ಕು ಫೋಟೋದಲ್ಲಿ ಬರುವುದಿಲ್ಲ. ಗೇಟಿನ ಬೀಗ ಬರುತ್ತದೆ. ಶಾಲೆಯಲ್ಲಿ ಗುಣವಾಚಕ, ಕ್ರಿಯಾಪದ ಅಂತ ಕಲಿತಿದ್ದೇವಲ್ಲ, ನನ್ನ ಅರ್ಧ ಕೆಲಸ ಆ ವ್ಯಾಕರಣದ್ದೇ. ಗುಣವಾಚಕ ತಂದವರ ಹತ್ತಿರ ಕ್ರಿಯಾಪದ ಕೇಳುವುದು.

ಕೇಳುತ್ತ ಹೋದಂತೆ ಹೊರಬಂದದ್ದು ಹೀಗೆ. ಚಾಲಿ, ಅಂದರೆ ಸಿಪ್ಪೆ ಸಮೇತ ಬಿಸಿಲಿಗೆ ಹಾಕಿದ ಹಣ್ಣಡಿಕೆ, ಒಣಗುವ ಕಾಲ. ಅಣ್ಣನ ಅಂಗಳದ ತುಂಬ ಅಡಿಕೆ ಹರವಿತ್ತು. ಚಾಲಿಗೆ ಒಂದೂವರೆ ತಿಂಗಳ ಬಿಸಿಲು ಬೇಕು, ಅಷ್ಟು ದಿನ ಅಂಗಳವೇ ಖಜಾನೆ. ತಮ್ಮನ ಪಿಕಪ್ ಹೋದಾಗೆಲ್ಲ ಧೂಳು. ಅಣ್ಣನ ತಾಯಿ ಒಂದು ದಿನ ಕೊನೆಗೌಡನ ಹತ್ತಿರ ಹೇಳಿದರು, "ಚಾಲಿ ಒಣಗೋವರೆಗೆ ಗಾಡಿ ಸ್ವಲ್ಪ ನಿಧಾನಕ್ಕೆ ತಗಂಡು ಹೋಗಕ್ಕೆ ಹೇಳು ಮಾರಾಯಾ." ಮರ ಹತ್ತಿ ಕೊನೆ ಇಳಿಸುವ ಆತ ಎರಡೂ ಮನೆಗೆ ಬೇಕಾದವನು. ಕೆಳಗೆ ಹೋಗುವಷ್ಟರಲ್ಲಿ ಆ ಮಾತು ಸವೆದಿತ್ತು. "ಮೇಲಿನಮನೇಲಿ ಗಾಡಿ ಬೇಡ ಅಂದ್ರು."

ತಮ್ಮ ಮೇಲೆ ಹೋಗಿ ಕೇಳಲಿಲ್ಲ. ಬೇಡ ಅಂದಮೇಲೆ ಕೇಳುವುದೇನು? ಹಗಲು ಬೇಡವಾದರೆ ರಾತ್ರಿ ಅಂತ ಎಂಟು ಗಂಟೆಗೆ ಗಾಡಿ ತಂದರು. ಧೂಳು ತಪ್ಪಲಿ ಅಂತ ಅಂದುಕೊಂಡದ್ದೂ ಸುಳ್ಳಲ್ಲ. ಹೆಡ್‌ಲೈಟು ನೇರ ಕೊಟ್ಟಿಗೆಗೆ ಬಿತ್ತು. ಆಕಳೊಂದು ಬೆದರಿ ಕಣ್ಣಿ ಹರಿದುಕೊಂಡಿತು. ಅಣ್ಣನಿಗೆ ಅದು ಬೇಕಂತಲೇ ಮಾಡಿದ್ದು ಅನ್ನಿಸಿತು. ರಾತ್ರಿ ಮಾತ್ರ ಹಾಕೋಣ ಅಂತ ಗೇಟು, ಬೀಗ ತಂದರು. ಅದಾಗಿ ವಾರದೊಳಗೆ ಹೆಂಡತಿಯನ್ನು ಬೆಳಗ್ಗೆ ಬೇಗ ಆಸ್ಪತ್ರೆಗೆ ಕರೆದುಕೊಂಡು ಹೋದರು, ಕೀಲಿ ಅಂಗಿ ಜೇಬಿನಲ್ಲೇ ಉಳಿಯಿತು. ಅದೇ ದಿನ ತಮ್ಮನ ಮನೆಗೆ ಕೊನೆಗೌಡ ಬಂದಿದ್ದ. ಈಗ ಕೊನೆಗೌಡ ಸಿಗುವುದು ಅಂದರೆ ಡಾಕ್ಟರ ಅಪಾಯಿಂಟ್‌ಮೆಂಟಿಗಿಂತ ಕಷ್ಟ, ತೋಟ ಇದ್ದವರಿಗೆ ಹೇಳಬೇಕಾಗಿಲ್ಲ. ಹನ್ನೊಂದರವರೆಗೆ ಕಾದು ಆತ ಬೇರೆ ತೋಟಕ್ಕೆ ಹೋದ. ಮತ್ತೆ ಸಿಕ್ಕಿದ್ದು ಹದಿನೈದು ದಿನ ಬಿಟ್ಟು. ಅಷ್ಟರಲ್ಲಿ ಹಣ್ಣಡಿಕೆ ಉದುರಿ ತೋಟದ ತುಂಬ ಬಿದ್ದಿತ್ತು.

ಇಷ್ಟೇ. ಇದರಲ್ಲಿ ಸೊಕ್ಕು ಯಾವ ದಿನ ಬಂತು ಅಂತ ನನಗೆ ಇನ್ನೂ ಸಿಕ್ಕಿಲ್ಲ.

ಒಂದು ಗಮನಿಸಿ. ಅಣ್ಣನಿಗೆ ತಾನು ಬೀಗ ಹಾಕಿದ್ದಕ್ಕೆ ಕಾರಣ ಗೊತ್ತು: ಆಕಳು ಬೆದರಿತ್ತು, ತಾಯಿಗೆ ವಯಸ್ಸಾಗಿದೆ, ಆ ದಿನ ಆಸ್ಪತ್ರೆ. ತಮ್ಮ ರಾತ್ರಿ ಗಾಡಿ ತಂದದ್ದಕ್ಕೆ ಮಾತ್ರ ಕಾರಣ ಬೇಕಾಗಲಿಲ್ಲ, ಗುಣ ಸಾಕಾಯಿತು. ತಮ್ಮನದ್ದೂ ಹಾಗೇ, ತಿರುವು ಮುರುವು. ನಮ್ಮ ಕೆಲಸಕ್ಕೆ ನಮಗೆ ಪರಿಸ್ಥಿತಿ ಕಾಣುತ್ತದೆ, ಎದುರಿನವರ ಕೆಲಸಕ್ಕೆ ಎದುರಿನವರೇ ಕಾಣುತ್ತಾರೆ.

ಮನಃಶಾಸ್ತ್ರದವರು ಇದನ್ನು ಹಿಂದೆಯೇ ಪರೀಕ್ಷೆ ಮಾಡಿ ನೋಡಿದ್ದಾರೆ. 1967ರಲ್ಲಿ ಎಡ್ವರ್ಡ್ ಜೋನ್ಸ್, ವಿಕ್ಟರ್ ಹ್ಯಾರಿಸ್ ಅನ್ನುವ ಇಬ್ಬರು ಸಂಶೋಧಕರು ಅಮೆರಿಕದ ವಿದ್ಯಾರ್ಥಿಗಳಿಗೆ ಕ್ಯೂಬಾದ ಕ್ಯಾಸ್ಟ್ರೋ ಪರವಾಗಿ, ವಿರುದ್ಧವಾಗಿ ಬರೆದ ಪ್ರಬಂಧಗಳನ್ನು ಓದಲು ಕೊಟ್ಟರು. ಬರೆದವನ ನಿಜವಾದ ಅಭಿಪ್ರಾಯ ಏನಿರಬಹುದು ಅಂತ ಕೇಳಿದರು. ಯಾವ ಕಡೆ ಬರೆಯಬೇಕು ಅನ್ನುವುದು ಬರೆದವನ ಕೈಯಲ್ಲಿರಲಿಲ್ಲ, ಮೇಲಿನವರು ಹೇಳಿ ಬರೆಸಿದ್ದು ಅಂತ ಮೊದಲೇ ಹೇಳಿದಾಗಲೂ, ಪರವಾಗಿ ಬರೆದವನು ಒಳಗೂ ಕ್ಯಾಸ್ಟ್ರೋ ಕಡೆಯವನೇ ಅಂತ ಓದಿದವರು ಅಂದಾಜು ಮಾಡಿದರು. ಹತ್ತು ವರ್ಷದ ನಂತರ, 1977ರಲ್ಲಿ, ಲೀ ರಾಸ್ ಇದಕ್ಕೆ ಫಂಡಮೆಂಟಲ್ ಅಟ್ರಿಬ್ಯೂಷನ್ ಎರರ್ ಅಂತ ಹೆಸರಿಟ್ಟರು. ಸಂದರ್ಭ ಮಾಡಿಸಿದ್ದನ್ನು ಗುಣದ ಲೆಕ್ಕಕ್ಕೆ ಬರೆದುಬಿಡುವುದು.

ನನಗೆ ಈ ಪರೀಕ್ಷೆ ಓದಿ ನಗು ಬಂತು. ವಕೀಲರು ದಿನಾ ಇದರಲ್ಲೇ ಬದುಕುತ್ತೇವೆ. ಒಂದು ಕಾಲದಲ್ಲಿ ನಮ್ಮ ಮನೆಗೆ ಜೋನಿ ಬೆಲ್ಲ ಕೊಡುತ್ತಿದ್ದವರೊಬ್ಬರ ಎದುರು ಪಾರ್ಟಿಗೆ ನಾನು ವಕೀಲನಾದೆ. ವಕಾಲತ್ತು ಹಾಕಿದ ವರ್ಷದಿಂದ ಬೆಲ್ಲ ನಿಂತಿತು. "ಅವರು ನನ್ನ ಬಗ್ಗೆ ಹಂಗೆಲ್ಲ ಬರೆದರು" ಅಂತ ಯಾರ ಹತ್ತಿರವೋ ಹೇಳಿದರಂತೆ. ಬರೆದದ್ದು ನನ್ನ ಕಕ್ಷಿದಾರರು ಹೇಳಿದ್ದನ್ನು. ಆದರೆ ಸಹಿ ನನ್ನದು, ಹಾಗಾಗಿ ಗುಣವೂ ನನ್ನದೇ. ಅಂಥ ಬೆಲ್ಲ ಮತ್ತೆ ಸಿಗಲಿಲ್ಲ ಅನ್ನುವ ದುಃಖ ಬೇರೆ.

ನಾನೇನು ಕಮ್ಮಿ ತಪ್ಪು ಮಾಡಿಲ್ಲ. ನಾನು ಓದಿ ಬೆಳೆದದ್ದು ಧಾರವಾಡ ಕಡೆ. ಅಲ್ಲಿ ಒಲ್ಲೆ ಅಂದರೆ ಒಲ್ಲೆ. ಇಲ್ಲಿಗೆ ಬಂದ ಹೊಸದರಲ್ಲಿ ಹವ್ಯಕರ "ನೋಡನ" ನನಗೆ ತಲೆನೋವಾಗಿತ್ತು. ನೋಡೋಣ ಅಂತ ಅರ್ಥ ಅಂದುಕೊಂಡು ಕಾಯುತ್ತಿದ್ದೆ. ಮುಂದಿನ ತಾರೀಕಿಗೂ ನೋಡನ. ಇವರು ಮಾತು ಕೊಡದೆ ಜಾರಿಕೊಳ್ಳುವ ಜನ ಅಂತ ಒಳಗೇ ಷರಾ ಬರೆದುಬಿಟ್ಟಿದ್ದೆ. ಅದು ಎಷ್ಟೋ ಸಲ ಎದುರಿನವರ ಮುಖ ಮುರಿಯದೆ ಬೇಡ ಅನ್ನುವ ರೀತಿ ಅಂತ ತಿಳಿಯಲು ವರ್ಷಗಳೇ ಬೇಕಾದವು. ಅವರ ಲೆಕ್ಕದಲ್ಲಿ ಅವರು ಉತ್ತರ ಕೊಟ್ಟಾಗಿತ್ತು.

ಇನ್ನೊಂದು ಗಂಡ ಹೆಂಡತಿ ಪ್ರಕರಣದಲ್ಲಿ ಗಂಡ ಹೆಂಡತಿಯ ಬಗ್ಗೆ "ಅದ್ಕೆ ಬೇಜಾರಾಜು" ಅಂದ. ಅವಳಿಗೆ ಬೇಜಾರಾಗಿದೆ ಅಂತ. ಬಯಲುಸೀಮೆ ಕಡೆಯ ವಕೀಲೆಯೊಬ್ಬರು ಸಿಟ್ಟಾಗಿ ಫೈಲು ಮುಚ್ಚಿದರು. "ಹೆಂಡತಿಗೆ ಅದು ಅಂತಾನಲ್ರೀ, ಇವನ ಗುಣ ಇಲ್ಲೇ ಗೊತ್ತಾಯ್ತು." ಹವ್ಯಕರ ಮಾತು ಹವಿಗನ್ನಡದಲ್ಲಿ ಅಮ್ಮನೂ ಅದು, ಮಗಳೂ ಅದು. ಆ ಹುಡುಗನಲ್ಲಿ ಬೇರೆ ತಪ್ಪುಗಳಿದ್ದವು, ಆದರೆ ಅದು ವ್ಯಾಕರಣ ಮಾತ್ರ. ಹೆಂಡತಿಗೇ ನಗು ಬಂದು, ಅವಳೇ ಬಿಡಿಸಿ ಹೇಳಿದಳು. ಆ ದಿನ ಅವರಿಬ್ಬರೂ ಒಂದೇ ಕಡೆ ನಿಂತದ್ದು ಅದೊಂದೇ ಸಲ.

ಘಟ್ಟದ ಮೇಲಿನವರಿಗೆ ಕರಾವಳಿಯ ಗಟ್ಟಿ ದನಿ ಜಗಳದ ಹಾಗೆ ಕೇಳುತ್ತದೆ. ಕಾರವಾರ, ಅಂಕೋಲಾದ ಬೋಟಿನ ಪಾಲುದಾರರು ಲೆಕ್ಕ ಹೇಳುವಾಗ ಹೊರಗೆ ನಿಂತವರು ಹೊಡೆದಾಟ ಅಂದುಕೊಳ್ಳಬೇಕು. ಎಂಜಿನ್ ಸದ್ದಿನ ಮೇಲೆ, ಗಾಳಿಯ ಮೇಲೆ ಮಾತಾಡಿ ಪಳಗಿದ ಗಂಟಲು ಅದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಪಾಲಿನ ತಕರಾರು ಬಿಸಿ ಏರುವುದು ಆ 61 ದಿನಗಳಲ್ಲೇ. ಉಳಿದ ದಿನ ಬೈದಾಡಿಕೊಂಡೇ ಒಂದೇ ಬೋಟಿನಲ್ಲಿ ಹೋಗಿ ಬರುತ್ತಾರೆ. ಬಂದರಿನಲ್ಲಿ ಕೂಗಾಡುವವರ ಬಗ್ಗೆ ನನಗೆ ಚಿಂತೆ ಇಲ್ಲ. ಒಂದೇ ಮನೆಯಲ್ಲಿದ್ದು ಎರಡು ವರ್ಷ ಮಾತು ಬಿಟ್ಟವರನ್ನು ಕಂಡರೆ ಚಿಂತೆ.

ಮಾತು ಮುಟ್ಟಿಸುವುದು ಎಷ್ಟು ದೊಡ್ಡ ಕೆಲಸ ಅಂತ ನಮ್ಮ ಜಿಲ್ಲೆಯ ಹಾಲಕ್ಕಿ ಒಕ್ಕಲಿಗರಿಗೆ ಗೊತ್ತಿತ್ತು. ಅವರ ಕೊಪ್ಪಗಳಲ್ಲಿ, ಅಂದರೆ ಕೇರಿಗಳಲ್ಲಿ, ಗೌಡ, ಬುದವಂತ ಅನ್ನುವ ಮುಖ್ಯಸ್ಥರು ಇರುವಂತೆ ಕೋಲಕಾರ ಅಂತಲೂ ಒಬ್ಬ ಇರುತ್ತಾನೆ. ಕೂಟದ ಕರೆ ಮುಟ್ಟಿಸುವುದು ಅವನ ಹೊಣೆ, ಅದಕ್ಕೊಂದು ಸ್ಥಾನ. ಮೇಲಿನಮನೆ ಅಣ್ಣನ ತಾಯಿ ಹೇಳಿದ ಮಾತಿಗೆ ಅಂಥ ಹೊಣೆಗಾರ ಇರಲಿಲ್ಲ. ಮರ ಹತ್ತುವ ಗಡಿಬಿಡಿಯಲ್ಲಿದ್ದವನಿಗೆ ಹೇಳಿದ ಮಾತು ಅದು. ಈಗಂತೂ ಆ ಕೆಲಸ ವಾಟ್ಸ್ಯಾಪಿನದು. ಅರ್ಧ ಸಾಲು ಬರೆದು, ಮೇಲೊಂದು ಕೈಮುಗಿಯುವ ಚಿತ್ರ. ಅದು ನಮಸ್ಕಾರವೋ, ಸಾಕು ಮಾರಾಯಾ ಅಂತಲೋ, ಓದಿದವರ ಮನಸ್ಸಿಗೆ ಬಿಟ್ಟಿದ್ದು.

ಆಣೆಯ ವಿಷಯವನ್ನೂ ಹೇಳಬೇಕು. "ಮಾರಿಕಾಂಬೆ ಎದುರು ಬಂದು ಹೇಳಲಿ ನೋಡುವಾ" ಅಂತ ಒಬ್ಬರಾದರೂ ಅಂದೇ ಅನ್ನುತ್ತಾರೆ. ನಾನು ತಡೆಯುವುದಿಲ್ಲ, ಪ್ರೋತ್ಸಾಹವನ್ನೂ ಕೊಡುವುದಿಲ್ಲ. ಹೆಚ್ಚಿನ ಸಲ ಇಬ್ಬರೂ ಆಣೆಗೆ ತಯಾರು, ಇಬ್ಬರೂ ಸುಳ್ಳಾಡುತ್ತಿಲ್ಲ. ತಮ್ಮ ಕೇಳಿದ್ದು "ಗಾಡಿ ಬೇಡ" ಅಂತಲೇ. ಅಣ್ಣನ ಮನೆಯಲ್ಲಿ ಯಾರೂ ಹಾಗೆ ಹೇಳಿರಲಿಲ್ಲ. ದೇವಿಯ ಎದುರು ನಿಲ್ಲಿಸಿದ್ದರೆ ಇಬ್ಬರೂ ಗೆದ್ದು, ಇನ್ನಷ್ಟು ದ್ವೇಷ ಹೊತ್ತು ಮನೆಗೆ ಹೋಗುತ್ತಿದ್ದರು.

ಹಾಗಂತ ಗುಣ ಅನ್ನುವುದೇ ಸುಳ್ಳು, ಎಲ್ಲ ಪರಿಸ್ಥಿತಿಯ ಆಟ ಅಂತ ನಾನು ಹೇಳುತ್ತಿಲ್ಲ. ಹೆಂಡತಿಗೆ ಹೊಡೆಯುವವನು ಬಂದು "ಆ ದಿನ ಟೆನ್ಷನ್ನಿತ್ತು" ಅಂದರೆ ನಾನು ಆ ದಿನದ ಕಥೆ ಕೇಳುತ್ತ ಕೂರುವುದಿಲ್ಲ. ಅಲ್ಲಿ ಮೊದಲು ಬೇಕಾದ್ದು ಅವಳ ಸುರಕ್ಷತೆ, ರಾಜಿ ಅಲ್ಲ. ಎರಡನೆಯದು, ಒಬ್ಬನೇ ಮನುಷ್ಯ ಬೇರೆ ಬೇರೆ ಮೂವರ ಜೊತೆ, ಬೇರೆ ಬೇರೆ ಕಾಲದಲ್ಲಿ, ಅದೇ ಕೆಲಸ ಮಾಡಿದ್ದರೆ ನಾನೂ ಗುಣದ ಕಡೆ ನೋಡಲು ಶುರು ಮಾಡುತ್ತೇನೆ. ಗಡಿಕಲ್ಲು ಮೂರೂ ಕಡೆಯ ನೆರೆಯವರ ಬದಿಗೇ ಸರಿದಿದ್ದರೆ ಅದು ಮಳೆಯ ಕೆಲಸ ಅಲ್ಲ. ಅಂಥವರೊಂದಿಗೂ ಒಪ್ಪಂದ ಆಗುತ್ತದೆ. ಕಾಗದ ಮಾತ್ರ ಬಿಗಿ ಇರಬೇಕು: ತಾರೀಕು, ಅಳತೆ, ತಪ್ಪಿದರೆ ಎಷ್ಟು, ಎಲ್ಲ ಬರೆದು. ಬೈದು ಅವನ ಗುಣ ತಿದ್ದುತ್ತೇನೆ ಅಂತ ಹೊರಟರೆ ಆಯುಷ್ಯ ಸಾಲದು.

ದಾಯಾದಿಗಳ ಕಥೆ ಅರ್ಧಕ್ಕೆ ಬಿಟ್ಟೆ. ಇಬ್ಬರ ಅನುಮತಿ ಪಡೆದು ಆ ಸರಣಿಯನ್ನು ಇಬ್ಬರ ಎದುರೂ ದಿನದ ಲೆಕ್ಕದಲ್ಲಿ ಇಟ್ಟೆ. ಯಾರೂ ಅಪ್ಪಿಕೊಂಡು ಅಳಲಿಲ್ಲ. ಅಣ್ಣ ಸುಮಾರು ಹೊತ್ತು ಕವಳ ಅಗಿದಂತೆ ಬಾಯಿ ಆಡಿಸುತ್ತ ಸುಮ್ನೆ ಕೂತರು, ಬಾಯಲ್ಲಿ ಕವಳ ಇರಲಿಲ್ಲ. ತಮ್ಮ "ಆಸ್ಪತ್ರೆಗೆ ಹೋಗಿದ್ದು ನಂಗೆ ಗೊತ್ತಿರ್ಲಿಲ್ಲ" ಅಂದರು, ಅದೂ ನನಗೇ. ಆಮೇಲೆ ಷರತ್ತು ಬರೆಯಲು ಕೂತೆವು. ಚಾಲಿ ಹರವಿದ ದಿನಗಳಲ್ಲಿ ಗಾಡಿ ಬರುವ ಮೊದಲು ಫೋನು, ದಾರಿಗೆ ನೀರು ಹೊಡೆಯುವುದು ತಮ್ಮನ ಖರ್ಚು, ರಾತ್ರಿ ಏಳರ ಮೇಲೆ ಗಾಡಿ ಇಲ್ಲ. ಗೇಟು ತೆಗೆಯಲು ಅಣ್ಣ ಒಪ್ಪಲಿಲ್ಲ. ಸರಿ, ಕೀಲಿ ಯಾರ ಹತ್ತಿರ? ಇದಕ್ಕೇ ಮುಕ್ಕಾಲು ಗಂಟೆ ಹೋಯಿತು. ಎರಡು ಕೀಲಿ ಮಾಡಿಸುವುದು ಅಂದರೆ ಅಣ್ಣನಿಗೆ ಬೇಡ, ಕೇಳಿ ಪಡೆಯುವುದು ತಮ್ಮನಿಗೆ ಬೇಡ. ಕೊನೆಗೆ ಅಣ್ಣನ ತಾಯಿಗೆ ಫೋನು ಹಚ್ಚಿದೆವು. "ಕೊಟ್ಟಿಗೆ ಗೂಡಲ್ಲಿ ಇಡಿ, ಮೊದಲೂ ಎಲ್ಲ ಅಲ್ಲೇ ಇಡ್ತಿದ್ವಲ್ಲ" ಅಂದರು.

ಟೈಪ್ ಮಾಡುತ್ತಿದ್ದ ಹುಡುಗ ಬೆರಳು ನಿಲ್ಲಿಸಿ ಕೇಳಿದ, "ಗೂಡು ಅಂದ್ರೆ ಯಾವ ಗೂಡು ಸರ್? ಎಡಕ್ಕಿರೋದೋ ಬಲಕ್ಕಿರೋದೋ ಬರೀಬೇಕಲ್ಲ?"

"ಬಲಬದಿದು" ಅಂದರು ಅಣ್ಣ ತಮ್ಮ, ಇಬ್ಬರೂ ಒಟ್ಟಿಗೆ.