ಪದ ಪರಿಚಯ: ಜಿಪಿ (ಗ್ರಾಮ ಪಂಚಾಯಿತಿ ಅಲ್ಲ)

ದೀಪಾವಳಿ ರಜೆಗೆ ಅಕ್ಕನ ಮಗ ಮೂಡಿಗೆರೆಗೆ ಬಂದಿದ್ದ. ಹಾಸನದಲ್ಲಿ ಡಿಗ್ರಿ ಓದುತ್ತಿದ್ದಾನೆ. ರಾತ್ರಿ ಊಟಕ್ಕೆ ಕೂತವನು ಮೊಬೈಲಿನಿಂದ ತಲೆ ಎತ್ತದೆ, "ಮಾಮ, ಜಿಪಿ ಬೇಗ ಮಾಡೋದು ಹೇಗೆ?" ಅಂದ. ಬಡಿಸುತ್ತಿದ್ದ ನಮ್ಮಮ್ಮ ಸೌಟು ಹಿಡಿದು ಹಾಗೇ ನಿಂತರು. "ಜಿಪೀಲಿ ನಿಂಗೇನೋ ಕೆಲಸ? ಇ-ಸ್ವತ್ತು ಆಗ್ಲಿಲ್ವಾ ಇನ್ನೂ?"

ನಮ್ಮ ಕಡೆ ಜಿಪಿ ಅಂದರೆ ಗ್ರಾಮ ಪಂಚಾಯಿತಿ. ಹುಡುಗ ಕೇಳಿದ್ದು ಬೇರೆ ಜಿಪಿ. 'ಓಲ್ಡ್ ಸ್ಕೂಲ್ ರೂನ್‌ಸ್ಕೇಪ್' ಅನ್ನುವ ಆನ್‌ಲೈನ್ ಆಟದ ನಾಣ್ಯ ಅದು. ಸಾವಿರಾರು ಜನ ಒಟ್ಟಿಗೆ ಓಡಾಡುವ ಲೋಕ, ಒಬ್ಬೊಬ್ಬರದೂ ಒಂದೊಂದು ಪಾತ್ರ. ಆಟ 2013ರಿಂದ ಇದೆ, ಮೊಬೈಲಿಗೆ ಬಂದದ್ದು 2018ರಲ್ಲಿ. ಹಾಗಾಗಿಯೇ ಇವನ ಕೈಗೂ ಸಿಕ್ಕಿತು.

ಜಿಪಿ ಅಂದರೆ 'ಗೋಲ್ಡ್ ಪೀಸ್', ಚಿನ್ನದ ನಾಣ್ಯ. ಈ ಹೆಸರು ಕಂಪ್ಯೂಟರ್ ಆಟದ್ದಲ್ಲ. 1974ರಲ್ಲಿ ಬಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಅನ್ನುವ ಮೇಜಿನ ಆಟದಲ್ಲಿ ಕಾಗದದ ಮೇಲೆ ಬರೆದಿಡುತ್ತಿದ್ದ ಲೆಕ್ಕದಿಂದ ಬಂದದ್ದು. ಬೇರೆ ಆಟಗಳಲ್ಲಿ ಬೇರೆ ಹೆಸರು: 'ಫೈನಲ್ ಫ್ಯಾಂಟಸಿ'ಯಲ್ಲಿ ಗಿಲ್, 'ಮೇಪಲ್‌ಸ್ಟೋರಿ'ಯಲ್ಲಿ ಮೆಸೋ, 'ಈವ್ ಆನ್‌ಲೈನ್'ನಲ್ಲಿ ಇಸ್ಕ್. 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್'ನಲ್ಲಿ ನೂರು ತಾಮ್ರಕ್ಕೆ ಒಂದು ಬೆಳ್ಳಿ, ನೂರು ಬೆಳ್ಳಿಗೆ ಒಂದು ಚಿನ್ನ. ಹೆಸರು ಯಾವುದಾದರೂ ಒಳಗಿನ ವ್ಯವಹಾರ ಹೆಚ್ಚು ಕಮ್ಮಿ ಒಂದೇ.

ಹೊಸಬರು ಮೊದಲು ನೋಡುವುದು ಜಿಪಿಯ ಮೊತ್ತವನ್ನು. "ಅವನ ಹತ್ರ ಐದು ಕೋಟಿ ಇದೆ ಮಾಮ!" ಇರಲಿ ಬಿಡು. ಹಳಬರು ಮೊತ್ತ ಕೇಳುವುದಿಲ್ಲ, 'ಜಿಪಿ ಪರ್ ಅವರ್' ಕೇಳುತ್ತಾರೆ. ಗಂಟೆಗೆ ಎಷ್ಟು? ಕಾಫಿ ಕೊಯ್ಲು ನೋಡಿದವರಿಗೆ ಇದು ಹೊಸದೇನಲ್ಲ. ಕೆಜಿ ಲೆಕ್ಕದಲ್ಲಿ ಹಣ್ಣು ಕೊಯ್ಯುವವರು ಸಂಜೆ ಚೀಲ ತೂಗಿಸುವಾಗ ಮನಸ್ಸಿನಲ್ಲೇ ಲೆಕ್ಕ ಹಾಕಿರುತ್ತಾರೆ, ಇವತ್ತು ಈ ಪಟ್ಟೆಯಲ್ಲಿ ಗಿಡ ತುಂಬ ಹಣ್ಣಿತ್ತು, ನಾಳೆ ಆ ಕಡೆ ಹೋದರೆ ಅರ್ಧ ದಿನ ನಡೆಯುವುದರಲ್ಲೇ ಹೋಗುತ್ತೆ ಅಂತ. ಆಟದಲ್ಲೂ ಅಷ್ಟೇ. ಚೀಲದಲ್ಲಿ ಜಾಗ ಇರುವುದು 28. ತುಂಬಿದ ಮೇಲೆ ಬ್ಯಾಂಕಿಗೆ ಓಡಬೇಕು, ಸುರಿಯಬೇಕು, ವಾಪಸ್ ಬರಬೇಕು. ಬೆಲೆ ಜಾಸ್ತಿ ಇರುವ ಸಾಮಾನು ಬ್ಯಾಂಕಿನಿಂದ ಎರಡು ನಿಮಿಷ ದೂರ ಇದ್ದರೆ, ಬೆಲೆ ಕಮ್ಮಿ ಇದ್ದು ಬ್ಯಾಂಕಿನ ಪಕ್ಕದಲ್ಲೇ ಸಿಗುವ ಸಾಮಾನೇ ಎಷ್ಟೋ ಸಲ ಗೆಲ್ಲುತ್ತದೆ.

ಜಿಪಿ ಎಲ್ಲಿಂದ ಬರುತ್ತದೆ? ಹುಟ್ಟುವ ಜಿಪಿ, ಕೈ ಬದಲಾಯಿಸುವ ಜಿಪಿ ಅಂತ ಎರಡು ಥರ. ರಾಕ್ಷಸನನ್ನು ಕೊಂದಾಗ ನಾಣ್ಯ ಬಿದ್ದರೆ, ಆಟದ ಅಂಗಡಿಯವನಿಗೆ ಸಾಮಾನು ಮಾರಿದರೆ, ಆ ಜಿಪಿ ಆಗ ತಾನೇ ಹುಟ್ಟಿದ್ದು. ಮುಂಚೆ ಯಾರ ಹತ್ತಿರವೂ ಇರಲಿಲ್ಲ. ಇನ್ನೊಬ್ಬ ಆಟಗಾರನಿಗೆ ಮಾರಿದರೆ ಅವನ ಜೇಬಿನದು ನಿಮ್ಮ ಜೇಬಿಗೆ ಬಂತು, ಅಷ್ಟೇ. ಹುಟ್ಟುವುದು ಮಾತ್ರ ಹೆಚ್ಚಾಗುತ್ತಾ ಹೋದರೆ ಎಲ್ಲದರ ಬೆಲೆಯೂ ಏರುತ್ತದೆ. ಆಟ ತಯಾರಿಸುವವರು ಜಿಪಿ ಹುಟ್ಟುವ ದಾರಿಗಳಿಗೆ ನಲ್ಲಿ ಅನ್ನುತ್ತಾರೆ, ಜಿಪಿಯನ್ನು ಸಾಯಿಸುವ ದಾರಿಗಳಿಗೆ 'ಸಿಂಕ್' ಅನ್ನುತ್ತಾರೆ. ನಾನು ಅದಕ್ಕೆ ಬಚ್ಚಲ ಮೋರಿ ಅಂತೀನಿ. ನಲ್ಲಿ ತೆರೆದಿಟ್ಟು ಮೋರಿ ಕಟ್ಟಿದರೆ ಬಚ್ಚಲುಮನೆ ಗತಿ ಏನು, ಅಲ್ವಾ?

ನಲ್ಲಿಗಳಲ್ಲಿ ಒಂದು ನನಗೆ ಬಹಳ ಇಷ್ಟ. 'ಹೈ ಆಲ್ಕೆಮಿ' ಅಂತ ಒಂದು ಮಂತ್ರ. ಮಂತ್ರವಿದ್ಯೆಯಲ್ಲಿ 55ನೇ ಹಂತ ಮುಟ್ಟಿದರೆ ಬರುತ್ತದೆ. ಬೇಡದ ಕತ್ತಿಯನ್ನೋ ಕವಚವನ್ನೋ ಅದು ಕ್ಷಣದಲ್ಲಿ ನಾಣ್ಯ ಮಾಡುತ್ತದೆ. ಪ್ರತಿ ಸಾಮಾನಿಗೂ ಆಟದವರು ಒಂದು ಮೂಲಬೆಲೆ ಗೊತ್ತು ಮಾಡಿರುತ್ತಾರೆ, ಅದರ 60% ಸಿಗುತ್ತದೆ. ಹಾಗಾಗಿ ಅಂಥ ಸಾಮಾನಿನ ಪೇಟೆ ಬೆಲೆ ಆ ಮಟ್ಟಕ್ಕಿಂತ ಬಹಳ ಕೆಳಗೆ ಬೀಳುವುದು ಕಷ್ಟ. ಬಿದ್ದರೆ ಯಾರೋ ಕೊಂಡು ಮಂತ್ರ ಹಾಕಿಬಿಡುತ್ತಾರೆ. ಅರಸೀಕೆರೆ ಕಡೆಯವರಿಗೆ ಇದನ್ನು ಒಂದೇ ಪದದಲ್ಲಿ ಹೇಳಬಹುದು: ಬೆಂಬಲ ಬೆಲೆ. ಕೊಬ್ಬರಿಗೆ ಕೇಳಿ ಕೇಳಿ ಸುಸ್ತಾದದ್ದು ಇಲ್ಲಿ ಮಂತ್ರ ಹಾಕಿದರೆ ಸಿಗುತ್ತೆ, ಸಾಲಿನಲ್ಲಿ ನಿಲ್ಲದೆ.

ಈಗ ಪೇಟೆಗೆ ಬರೋಣ. ಇದರ ಹೆಸರು 'ಗ್ರ್ಯಾಂಡ್ ಎಕ್ಸ್‌ಚೇಂಜ್', ಆಟಗಾರರ ಬಾಯಲ್ಲಿ ಜಿಇ. ಈ ಆಟ ಯಾವುದರಿಂದ ಕವಲೊಡೆಯಿತೋ ಆ ಮೂಲ ರೂನ್‌ಸ್ಕೇಪ್‌ಗೆ 2007ರಲ್ಲಿ ಬಂತು. ಅದಕ್ಕೂ ಮುಂಚೆ ಸಂತೆಯ ಹಾಗೆ ಒಂದು ಕಡೆ ನಿಂತು "ಮಾರ್ತೀನಿ, ಮಾರ್ತೀನಿ" ಅಂತ ಟೈಪ್ ಮಾಡುತ್ತಾ ಗಂಟೆಗಟ್ಟಲೆ ಕೂರಬೇಕಿತ್ತು. ಜಿಇಯಲ್ಲಿ ಸಾಮಾನು, ಬೆಲೆ ಎರಡನ್ನೂ ಹಾಕಿ ಹೋಗಬಹುದು. ಆ ಬೆಲೆಗೆ ಗಿರಾಕಿ ಬಂದಾಗ ತಾನಾಗಿ ಮಾರಾಟ ಆಗುತ್ತದೆ. ದುಡ್ಡು ಕೊಡದೆ ಆಡುವವರಿಗೆ ಒಟ್ಟಿಗೆ 3 ಆಫರ್, ದುಡ್ಡು ಕೊಟ್ಟು ಸದಸ್ಯರಾದವರಿಗೆ 8. ಮಾರಿದವರ ಕೈಯಿಂದ ತೆರಿಗೆಯನ್ನೂ ಹಿಡಿಯುತ್ತಾರೆ. 2021ರ ಡಿಸೆಂಬರಿನಲ್ಲಿ 1% ಅಂತ ಶುರುವಾಗಿ ಆಮೇಲೆ 2% ಆಯಿತು. ಎಪಿಎಂಸಿ ಸೆಸ್ ಹಾಗೆ ಅಂದುಕೊಳ್ಳಿ, ಆದರೆ ಇಲ್ಲಿ ಸೆಸ್ಸಿನ ಒಂದು ಪಾಲಿನಿಂದ ಆಟದವರೇ ಸಾಮಾನು ಕೊಂಡು ಅಳಿಸಿಹಾಕುತ್ತಾರೆ. ಮೋರಿ ಕೆಲಸ ಅದೇ.

ಹುಡುಗನಿಗೆ ನಾನು ಹೇಳಿದ ಮೊದಲ ಮಾತು ಅವನಿಗೆ ತಮಾಷೆ ಅನ್ನಿಸಿತು: "ಏನನ್ನೂ ತಯಾರು ಮಾಡಬೇಡ. ಹಸಿಯಾಗೇ ಮಾರು." ನಮ್ಮ ತೋಟದ ಬುದ್ಧಿಗೆ ಇದು ಪೂರ್ತಿ ಉಲ್ಟಾ. ಕಾಫಿಯಲ್ಲಿ ಹಸಿ ಹಣ್ಣು ಮಾರುವವನಿಗಿಂತ ಪಲ್ಪ್ ಮಾಡಿ, ತೊಳೆದು, ಕಣದಲ್ಲಿ ಒಣಗಿಸಿ ಪಾರ್ಚ್‌ಮೆಂಟ್ ಮಾಡಿ ಇಟ್ಟವನಿಗೆ ಕಾಸು ಜಾಸ್ತಿ. ಪ್ರತಿ ಹಂತಕ್ಕೂ ಕೂಲಿ ಬೀಳುತ್ತದೆ, ಬೆಲೆಯೂ ಏರುತ್ತದೆ. ರೂನ್‌ಸ್ಕೇಪಿನಲ್ಲಿ ಕಬ್ಬಿಣದ ಗಟ್ಟಿಗಿಂತ ಅದನ್ನು ಬಡಿದು ಮಾಡಿದ ಕತ್ತಿ ಎಷ್ಟೋ ಸಲ ಅಗ್ಗ!

ಯಾಕೆ? ಕತ್ತಿ ಮಾಡುವವನಿಗೆ ಕತ್ತಿ ಬೇಕಾಗಿಲ್ಲ. ಕಮ್ಮಾರಿಕೆಯ ಅನುಭವದ ಅಂಕ ಬೇಕು, ಹಂತ ಏರಬೇಕು. ಆ ಅಂಕಕ್ಕೋಸ್ಕರ ನಷ್ಟ ಮಾಡಿಕೊಂಡು ಗಟ್ಟಿ ಕೊಳ್ಳುತ್ತಾನೆ, ಸಾವಿರಗಟ್ಟಲೆ ಕತ್ತಿ ಬಡಿಯುತ್ತಾನೆ, ಬಂದ ಬೆಲೆಗೆ ಎಸೆಯುತ್ತಾನೆ. ಅವನಂಥವರು ಬಹಳ ಜನ. ಅದಕ್ಕೇ ಗಟ್ಟಿಗೆ ಯಾವಾಗಲೂ ಗಿರಾಕಿ, ಕತ್ತಿಗೆ ಇಲ್ಲ. ಇನ್ನೊಂದು ಕಡೆ, ಅದಿರು ಅಗೆಯುವುದು ಬಹಳ ಬೋರು. ಅಗೆದವನ ಬೋರಿಗೆ ಬಡಿಯುವವನು ಕೊಡುವ ಕೂಲಿಯೇ ಜಿಪಿ. ನನ್ನ ಪ್ರಕಾರ ಈ ಪದದ ನಿಜವಾದ ಅರ್ಥ ಇಷ್ಟೇ: ಇನ್ನೊಬ್ಬರು ಕಳೆಯಲು ಇಷ್ಟಪಡದ ಹೊತ್ತನ್ನು ನೀವು ಕಳೆದಿದ್ದಕ್ಕೆ ಸಿಕ್ಕ ರಸೀದಿ.

ಹೊಸಬರಿಗೆ ಒಂದು ತಡೆಯೂ ಇದೆ. ದುಡ್ಡು ಕೊಡದ ಹೊಸ ಖಾತೆ 20 ಗಂಟೆ ಆಡಬೇಕು, ಆಟ ಒಪ್ಪಿಸುವ ಕಥೆಯಂಥ ಕೆಲಸಗಳಿಂದ, ಅಂದರೆ ಕ್ವೆಸ್ಟ್‌ಗಳಿಂದ, 10 ಅಂಕ ಗಳಿಸಬೇಕು, ಎಲ್ಲ ಕಸುಬಿನ ಹಂತಗಳೂ ಸೇರಿ 100 ಮುಟ್ಟಬೇಕು. ಅಲ್ಲಿವರೆಗೆ ಬೇರೆಯವರ ಜೊತೆ ನೇರ ವ್ಯಾಪಾರ ಇಲ್ಲ, ಸುಲಭವಾಗಿ ಗುಡ್ಡೆ ಹಾಕಬಹುದಾದ ಕೆಲವು ಸಾಮಾನುಗಳನ್ನು ಜಿಇಯಲ್ಲಿ ಮಾರುವ ಹಾಗೂ ಇಲ್ಲ. ಸಾವಿರ ಖಾತೆ ತೆರೆದು ಯಂತ್ರದಿಂದ ಆಡಿಸುವವರನ್ನು ಹಿಡಿಯಲು ಹಾಕಿದ ಬೇಲಿ ಅದು. ಹುಡುಗ ಬೈದುಕೊಂಡ. ಆನೆಗೆ ಹಾಕಿದ ಬೇಲಿಗೆ ನಮ್ಮ ದನವೂ ಸಿಕ್ಕಿಕೊಳ್ಳುತ್ತೆ, ಏನು ಮಾಡೋದು.

ಬೇಲಿ ದಾಟಿದ ಮೇಲೆ 'ಫ್ಲಿಪ್ಪಿಂಗ್' ಕಲಿಯಬಹುದು. ಕಮ್ಮಿಗೆ ಕೊಂಡು ಜಾಸ್ತಿಗೆ ಮಾರುವುದು, ಬೇರೇನಿಲ್ಲ. ಒಂದೇ ಒಂದು ಸಾಮಾನನ್ನು ಬೇಕೆಂದೇ ಹೆಚ್ಚು ಬೆಲೆಗೆ ಕೇಳಿ. ತಕ್ಷಣ ಸಿಕ್ಕರೆ, ಎಷ್ಟಕ್ಕೆ ಸಿಕ್ಕಿತೋ ಅದು ಅವಸರದ ಗಿರಾಕಿ ಕೊಡುವ ಬೆಲೆ. ಅದನ್ನೇ ಬೇಕೆಂದೇ ಕಮ್ಮಿಗೆ ಮಾರಿ. ಎಷ್ಟು ಬಂತೋ ಅದು ಅವಸರದಲ್ಲಿ ಮಾರುವವನಿಗೆ ಸಿಗುವ ಬೆಲೆ. ಇವೆರಡರ ನಡುವಿನ ಅಂತರ 'ಮಾರ್ಜಿನ್'. ಅದರಲ್ಲಿ ತೆರಿಗೆ ಕಳೆದು ಏನಾದರೂ ಉಳಿದರೆ ಮಾತ್ರ ಇಳಿಯಿರಿ. ಎಲ್ಲವನ್ನೂ ಒಬ್ಬನೇ ಬಾಚಿಕೊಳ್ಳದ ಹಾಗೆ ಪ್ರತಿ ಸಾಮಾನಿಗೂ 4 ಗಂಟೆಗೆ ಇಷ್ಟೇ ಅಂತ ಕೊಳ್ಳುವ ಮಿತಿ ಇದೆ. ಮೆಣಸು ದಾಸ್ತಾನು ಮಾಡಿ ಬೆಲೆ ಏರಲಿ ಅಂತ ವರ್ಷಗಟ್ಟಲೆ ಕಾಯುವ ನಮ್ಮ ಕಡೆಯವರಿಗೆ ಇಂಥ ಮಿತಿ ಹಾಕಿದ್ದರೆ ಗಲಾಟೆ ಆಗುತ್ತಿತ್ತು.

ಇನ್ನು ದೊಡ್ಡ ಬೇಟೆಯ ಆಸೆ. 'ಅಬಿಸಲ್ ವಿಪ್' ಅನ್ನುವ ಚಾಟಿ, ಅದನ್ನು ಬೀಳಿಸುವ ರಾಕ್ಷಸನಿಂದ ಸರಾಸರಿ 512 ಸಲಕ್ಕೆ ಒಮ್ಮೆ ಸಿಗುತ್ತದೆ. 512 ಕೊಂದರೆ ಸಿಕ್ಕೇ ಸಿಗುತ್ತೆ ಅಂತ ಹುಡುಗ ಅಂದುಕೊಂಡಿದ್ದ. ಇಲ್ಲ. 512 ಕೊಂದ ನೂರು ಜನರಲ್ಲಿ ಸುಮಾರು 37 ಜನ ಬರಿಗೈಯಲ್ಲೇ ಇರುತ್ತಾರೆ. ಪ್ರತಿ ಸಲ ಕೊಂದಾಗಲೂ ಹೊಸ ಚೀಟಿ, ಹಳೆಯದರ ನೆನಪು ಅದಕ್ಕಿಲ್ಲ.

ಮೋಸದ ವಿಷಯ ಹೇಳಲೇಬೇಕು, ಯಾಕೆಂದರೆ ನಾನೇ ಬಿದ್ದಿದ್ದೇನೆ. ಜಿಇ ಮುಂದೆ ಯಾರೋ ಒಬ್ಬ "ಕೊಟ್ಟ ದುಡ್ಡು ಡಬಲ್ ಮಾಡಿಕೊಡ್ತೀನಿ" ಅಂತ ಕೂಗುತ್ತಿದ್ದ. ಸಾವಿರ ಕೊಟ್ಟೆ, ಎರಡು ಸಾವಿರ ಬಂತು. ಹತ್ತು ಸಾವಿರ ಕೊಟ್ಟೆ, ಇಪ್ಪತ್ತು ಬಂತು. ಇದ್ದದ್ದೆಲ್ಲ ಕೊಟ್ಟೆ, ಮನುಷ್ಯ ಮಾಯ. ಎರಡು ತಿಂಗಳ ಗಳಿಕೆ. ಹೊರಗೆ ಧೋ ಅಂತ ಮಳೆ, ಕರೆಂಟ್ ಬೇರೆ ಇರಲಿಲ್ಲ, ಕತ್ತಲಲ್ಲಿ ಒಬ್ಬನೇ ಪೆಚ್ಚಾಗಿ ಕೂತಿದ್ದೆ. ಇನ್ನೊಂದು ಥರದ ಮೋಸವೂ ಇದೆ. ನೇರ ವ್ಯಾಪಾರದಲ್ಲಿ ಒಪ್ಪಿಗೆ ಕೇಳುವ ಎರಡು ಪರದೆ ಬರುತ್ತವೆ. ಎರಡನೆಯದನ್ನು ಓದದೆ ಒತ್ತಬೇಡಿ. ಮೊದಲ ಪರದೆಯಲ್ಲಿ ಸಾಮಾನು ಬದಲಾಯಿಸುವ ಕೈಚಳಕ ಅಲ್ಲಿ ಸಿಕ್ಕಿಬೀಳುತ್ತದೆ.

ಕೊನೆಗೆ ನಿಜವಾದ ದುಡ್ಡು. ಜಿಪಿಯನ್ನು ಹೊರಗಿನವರಿಂದ ರೂಪಾಯಿ ಕೊಟ್ಟು ಕೊಳ್ಳುವುದು, ಮಾರುವುದು, ಎರಡೂ ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ಖಾತೆ ಹೋಯಿತು. ವೆನೆಜುವೆಲಾದ ನೋಟಿಗೆ ಬೆಲೆಯೇ ಇಲ್ಲದಂತಾದಾಗ ಅಲ್ಲಿನ ಎಷ್ಟೋ ಜನ ಇದೇ ಆಟದಲ್ಲಿ ಜಿಪಿ ಗಳಿಸಿ ಡಾಲರಿಗೆ ಮಾರಿ ಮನೆ ನಡೆಸಿದರು. ಆಟದೊಳಗೆ ಅವರ ಪಾತ್ರಗಳನ್ನು ಹುಡುಕಿ ಹುಡುಕಿ ಕೊಲ್ಲುತ್ತಿದ್ದ ಆಟಗಾರರೂ ಇದ್ದರು. ನಿಯಮ ಸರಿ ಅಂತ ನನಗೆ ಗೊತ್ತು. ಆದರೂ ಆ ಬೇಟೆಗಾರರ ಮೇಲೆ ನನಗೆ ಗೌರವ ಇಲ್ಲ.

ಅಂದ ಹಾಗೆ, ಇದು ರಮ್ಮಿ ಥರದ್ದಾ ಅಂತ ಭಾವ ಗಾಬರಿಯಾಗಿದ್ದರು. 2025ರ ಆಗಸ್ಟಿನಲ್ಲಿ ಸಂಸತ್ತು ನಿಷೇಧಿಸಿದ್ದು ದುಡ್ಡು ಪಣ ಇಟ್ಟು ಗೆಲ್ಲುವ ಆಟಗಳನ್ನು. ಇಲ್ಲಿ ಹುಡುಗ ಪಣ ಇಡುತ್ತಿಲ್ಲ, ಅದಿರು ಅಗೆಯುತ್ತಿದ್ದಾನೆ. ಓದು ಹಾಳಾಗುತ್ತೆ ಅನ್ನುವುದು ಬೇರೆ ಮಾತು, ಅದಕ್ಕೆ ನಾನು ಎದುರಾಡಲಿಲ್ಲ.

ನಿಯಮದೊಳಗಿನ ದಾರಿ ಒಂದಿದೆ, ಹೆಸರು 'ಬಾಂಡ್'. ಆಟದ ಕಂಪನಿಯಿಂದ ಒಬ್ಬ ದುಡ್ಡು ಕೊಟ್ಟು ಬಾಂಡ್ ಕೊಳ್ಳುತ್ತಾನೆ, ಜಿಇಯಲ್ಲಿ ಜಿಪಿಗೆ ಮಾರುತ್ತಾನೆ. ಕೊಂಡವನಿಗೆ ಜೇಬಿನಿಂದ ರೂಪಾಯಿ ಬಿಚ್ಚದೆ 14 ದಿನದ ಸದಸ್ಯತ್ವ. ಇದನ್ನು ಕೇಳಿದ್ದೇ ಹುಡುಗ ಎದ್ದು ಕೂತ. ಬಾಂಡಿನ ಇವತ್ತಿನ ಬೆಲೆ ನೋಡಿದ, ತನ್ನ ಗಂಟೆಯ ಗಳಿಕೆಯಿಂದ ಭಾಗಿಸಿದ, ಸುಮ್ನೆ ಸ್ವಲ್ಪ ಹೊತ್ತು ಗೋಡೆ ನೋಡಿದ.

"ಮಾಮ, ನಾಳೆ ತೋಟದಲ್ಲಿ ಕೊಯ್ಲಿಗೆ ಬಂದ್ರೆ ಕೆಜಿಗೆ ಎಷ್ಟು ಕೊಡ್ತೀರಾ?"